ಕಬ್ಬಿಣದ ಕೊಳಲು

"ಯಾರಪ್ಪಾ ಅದು, ಕೊಳಲೂದ್ತಿರೋದು?"

ಕುನಾ ಅಜ್ಜಿ ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ, ಗಾಳಿಯನ್ನು ಕೇಳಿದಳು. ಅವಳ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಕೋಟೆಗೋಡೆಯ ನೆರಳಲ್ಲಿ ಬಟಾಣಿ ಸುಲಿಯುತ್ತಿದ್ದ ನಮ್ಮೆಲ್ಲರ ಕೈಗಳು ನಿಂತವು. ಒಂದೇ ಒಂದು ಸ್ವರ. ಬಂತು, ನಿಂತಿತು, ಮತ್ತೆ ಬಂತು. ಆಮೇಲೆ ಇಲ್ಲ.

ನಮ್ಮ ಬೆಟ್ಟದೂರಿನಲ್ಲಿ ಕೊಳಲು ಇರಕೂಡದು. ಇಲ್ಲಿ ಬಂದು ಸೇರುವವರು ದಾಳ, ರೇಷ್ಮೆಪಟ್ಟಿ, ಕೊಳಲು, ಡೋಲು, ಹೀಗೆ ಜೂಜಿಗೆ, ಶೋಕಿಗೆ, ಕುಣಿತಕ್ಕೆ ಕರೆಯುವ ಏನಿದ್ದರೂ ಹೆಬ್ಬಾಗಿಲ ಬಳಿಯ ಬೆಂಕಿಗೆ ಹಾಕಿಯೇ ಒಳಗೆ ಕಾಲಿಡಬೇಕು. ಒಳಗೆ ಬಂದ ಮೇಲೆ ಒಡೆಯ ಇಲ್ಲ, ಆಳಿಲ್ಲ. ಎಲ್ಲರೂ ಅಣ್ಣತಮ್ಮಂದಿರು, ಅಕ್ಕತಂಗಿಯರು. ಭಾನುವಾರದ ಪ್ರಾರ್ಥನೆಯಲ್ಲಿ ಪ್ರಭುವಿನ ದ್ರಾಕ್ಷಾರಸದ ಬಟ್ಟಲಿನಿಂದ ಎಲ್ಲರಿಗೂ ಒಂದೊಂದು ಗುಟುಕು. ನನ್ನ ಗಂಡ ವಾವ್ರಾ ಕೊಳಲು ಮಾಡಿ ಬದುಕಿದವನು. ಒಂದು ಚೀಲ ತುಂಬ ಕೊಳಲುಗಳನ್ನು ಆ ಬೆಂಕಿಗೆ ಒಂದೊಂದಾಗಿ ಹಾಕಿದ್ದ. ಕೊನೆಯದರ ತೂತುಗಳಿಂದೆಲ್ಲ ಹೊಗೆ ಬಂದಾಗ, "ನೋಡು ಲಿಡಾ, ಊದೋರಿಲ್ದೆ ಇದ್ರೂ ಊದ್ಕೊಳ್ತಿದೆ" ಎಂದು ನಕ್ಕಿದ್ದ.

ಆ ಸ್ವರ ಅವನದೇ ಎಂದು ನನಗೆ ಗೊತ್ತಾಯಿತು. ಸ್ವರ ಹಿಡಿಯುವ ಮುನ್ನ ಅರ್ಧ ಉಸಿರನ್ನು ಬರಿದೇ ಪೋಲು ಮಾಡುವ ಚಾಳಿ ಅವನಿಗೆ ಬಿಟ್ಟರೆ ಇನ್ನಾರಿಗೂ ಇರಲಿಲ್ಲ.

ನಾನು ತಲೆಯೆತ್ತಿದೆ. ಹೊಳೆಯ ಆಚೆ ದಡದ ಹಿಟ್ಟಿನ ಗಿರಣಿಯಲ್ಲಿ ಮೇಲಿನ ಕಿಟಕಿಯ ಬಾಗಿಲು, ಆ ಸ್ವರಕ್ಕೆ ಓಗೊಟ್ಟಂತೆ, ಆಗಷ್ಟೇ ತೆರೆಯಿತು.

ಆ ಗಿರಣಿಯಿಂದ, ನಮ್ಮೂರನ್ನು ಮಣಿಸಲು ಬಂದ ರಾಜನ ದಂಡಿಗೆ ಹಿಟ್ಟು ಹೋಗುತ್ತಿತ್ತು. ಆ ದಂಡಿನಲ್ಲಿ ವಾವ್ರಾನ ಒಡಹುಟ್ಟಿದ ತಮ್ಮನಿದ್ದ. ಗೂಢಚಾರನೆಂದು ಗೊತ್ತಾದವನನ್ನು ನಮ್ಮವರು ಬಂಡೆಗಳಿರುವ ಕಡೆಯ ಗೋಡೆಯ ಮೇಲಿಂದ ಕೆಳಕ್ಕೆ ತಳ್ಳುತ್ತಿದ್ದರು. ನಾನು ಬಟಾಣಿ ಸುಲಿಯುವುದನ್ನು ಮುಂದುವರಿಸಿದೆ. ಸಿಪ್ಪೆ ಯಾವುದು, ಕಾಳು ಯಾವುದು ಎಂಬುದೇ ಕೈಗೆ ತಿಳಿಯದಾಯಿತು.

ಊಟಕ್ಕೆ ಕೂತಾಗ ವಾವ್ರಾನನ್ನು ಕೇಳಿದೆ.

"ಇವತ್ತು ಏನು ಕೆಲ್ಸ?"

"ಇನ್ನೇನು, ಕೊಳವೆಗೆ ಹಿಡಿ ಕೂಡ್ಸೋದು. ಪೆಶೆಕಣ್ಣ ಕಬ್ಬಿಣ ಬಡೀತಾನೆ, ನಾನು ಮರ ಕೆತ್ತುತೀನಿ. ಅವನು ಬೈತಾನೆ, ನಾನು ಕೇಳ್ತೀನಿ."

"ಕುನಾ ಅಜ್ಜಿಗೆ ಕೊಳಲು ಕೇಳಿಸ್ತಂತೆ."

ಅವನು ರೊಟ್ಟಿಯನ್ನು ಗಂಜಿಗೆ ಅದ್ದಿ ಅಲ್ಲೇ ಬಿಟ್ಟ. "ಆ ಮುದುಕಿಗೆ ಸತ್ತ ಗಂಡನ ಗೊರಕೇನೂ ಕೇಳುತ್ತೆ."

"ನಂಗೂ ಕೇಳಿಸ್ತು."

"ಹಂಗಾದ್ರೆ ನಿಂಗೂ ವಯಸ್ಸಾಯ್ತು."

ಅವನು ನಕ್ಕ. ನಾನು ನಗಲಿಲ್ಲ. ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಹಾಸಿಗೆಯ ಹುಲ್ಲನ್ನೆಲ್ಲ ಕೆದರಿ ನೋಡಿದೆ. ಮಾಡಿನ ಸಂದಿಯಲ್ಲಿ ಕೈಯಾಡಿಸಿದೆ, ಅವನ ಚಳಿಗಾಲದ ಬೂಟಿನೊಳಗೂ ಹುಡುಕಿದೆ. ಏನೂ ಸಿಗಲಿಲ್ಲ. ಸಿಗದಿದ್ದುದು ನನಗೆ ಸಮಾಧಾನ ತರಲಿಲ್ಲ; ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದಾನೆ ಅಂದುಕೊಂಡೆ. ಸಂಶಯ ಹೊಕ್ಕ ಮನೆಯಲ್ಲಿ ಖಾಲಿ ಮೂಲೆಯೂ ಸಾಕ್ಷಿ ಹೇಳುತ್ತದೆ.

ಅಂದೂ ಸ್ವರ ಬಂತು. ಬೇರೆಯದು, ಸ್ವಲ್ಪ ಮೇಲಿನದು. ಅಂದೂ ಗಿರಣಿಯ ಕಿಟಕಿ ತೆರೆಯಿತು.

ನಾನು ಬಾಯಿಬಿಡಬೇಕಾಗಿರಲಿಲ್ಲ. ಊರಿಡೀ ಕೇಳಿಸಿಕೊಂಡಿತ್ತು. ಸಂಜೆ ನೀರು ಸೇದುವಲ್ಲಿ ಹೆಂಗಸರು ನಾನು ಹತ್ತಿರ ಬಂದ ಕೂಡಲೇ ಹವೆಯ ಮಾತು ಎತ್ತಿದರು. ಮಿಕೇಶಣ್ಣ ನಮ್ಮ ಬಾಗಿಲಿಗೆ ಬಂದು ನಿಂತ. ನಮ್ಮವರು ಮೇಲೆ ನಿಂತು ಕಾದಾಡುವ ಯುದ್ಧದ ಗಾಡಿಗಳಿಗೆಲ್ಲ ಅವನೇ ಮುಖ್ಯಸ್ಥ. ಭಾನುವಾರ ಅವನೇ ಬೋಧಕ. ಒಳಗೆ ಬರಲಿಲ್ಲ.

"ವಾವ್ರಾ, ನಿನ್ನ ತಮ್ಮ ಹೇಗಿದ್ದಾನೆ?"

"ನಂಗೇನು ಗೊತ್ತು ಅಣ್ಣ. ಇಲ್ಲಿರೋರೇ ನನ್ನ ತಮ್ಮಂದಿರು."

"ಒಳ್ಳೇ ಮಾತು" ಅಂದ ಮಿಕೇಶ್. "ಬಾಯಿಪಾಠ ಮಾಡಿದಂಗಿದೆ."

ಆ ರಾತ್ರಿ ನಾನು ಸಂಜೆಯ ಕೀರ್ತನೆ ಹೇಳಿಕೊಳ್ಳಲಿಲ್ಲ. ತವರಿನಲ್ಲಿದ್ದ ನನ್ನ ಅಜ್ಜಿ ಓದು ಬಲ್ಲವಳಲ್ಲ, ಹಾಡುವವಳೂ ಅಲ್ಲ. ರಾಟೆಯ ಮುಂದೆ ಕೂತು ಕೀರ್ತನೆಗಳನ್ನು ಹೇಳುತ್ತಿದ್ದಳು, ನಾನು ಕೇಳುತ್ತಾ ಬೆಳೆದೆ. 'ಬಾಗಿಲು ಹಾಕು ಪ್ರಭುವೇ, ನಾವೆಲ್ಲ ಒಳಗಿದ್ದೇವೆ.' ಮದುವೆಯಾದ ಹೊಸದರಲ್ಲಿ ನಾನು ಇದನ್ನು ಹೇಳಿದಾಗ, ಇದಕ್ಕೊಂದು ರಾಗ ಕಟ್ಟುತ್ತೇನೆಂದು ಹೇಳಿ ವಾವ್ರಾ ಕಟ್ಟಿದ್ದ. ಈಗ ಊರವರೂ ಸಂಜೆ ಅದನ್ನು ಆ ರಾಗದಲ್ಲೇ ಹೇಳುತ್ತಿದ್ದರು. ಎಲ್ಲರೂ ಒಳಗಿರುವುದು ಹೌದೇ ಎಂಬ ಪ್ರಶ್ನೆ ಈಗ ಆ ಸಾಲನ್ನು ಹೇಳಲು ಬಿಡಲಿಲ್ಲ.

ಮರುದಿನ ಬೆಳಿಗ್ಗೆಯಿಂದಲೇ ಗೋಡೆಯ ಮೇಲೆ ಕೂತು ಗಿರಣಿಯನ್ನು ನೋಡಿದೆ. ಅಂದು ಸ್ವರ ಬರಲಿಲ್ಲ. ಆದರೂ ಅದೇ ಹೊತ್ತಿಗೆ ಕಿಟಕಿ ತೆರೆಯಿತು. ಒಬ್ಬ ಹೆಂಗಸು ಚೀಲವೊಂದನ್ನು ಹೊರಗೆ ಕೊಡವಿ ಒಳಗೆ ಹೋದಳು. ಆ ಕಿಟಕಿ ದಿನವೂ ತೆರೆಯುತ್ತಿದ್ದದ್ದೇ ಇರಬೇಕು. ನಾನು ಕಣ್ಣಿಟ್ಟದ್ದು ಕೊಳಲು ಕೇಳಿದ ಮೇಲೆ.

ಗೋಡೆಯಿಂದ ಇಳಿಯುವಷ್ಟರಲ್ಲಿ ಕಮ್ಮಾರಸಾಲೆಯ ಮುಂದೆ ಜನ ಕೂಡಿದ್ದರು.

ಅಲ್ಲಿ ತಯಾರಾಗುತ್ತಿದ್ದ ಆಯುಧಕ್ಕೆ ಆಗಿನ್ನೂ ಒಂದು ಹೆಸರು ನಿಂತಿರಲಿಲ್ಲ. ಮೊಳದುದ್ದದ ಕಬ್ಬಿಣದ ಕೊಳವೆ, ಹಿಂದೆ ಮರದ ಹಿಡಿ, ಪಕ್ಕದಲ್ಲಿ ಬೆಂಕಿ ಮುಟ್ಟಿಸಲು ಒಂದು ತೂತು. ಕಂಕುಳಲ್ಲಿ ಇರುಕಿಕೊಂಡು ಹೆಂಗಸರೂ ಹಾರಿಸಬಹುದಾದಷ್ಟು ಹಗುರ. ಕಮ್ಮಾರ ಪೆಶೆಕ್ ಅದನ್ನು ಕುಳ್ಳ ಫಿರಂಗಿ ಅನ್ನುತ್ತಿದ್ದ. ಗಾಡಿಯವರು ಗುಂಡುಕೋಲು ಅನ್ನುತ್ತಿದ್ದರು. ಬೋಧನೆಯ ದಿನ ಮಿಕೇಶಣ್ಣ ಅದನ್ನು ಪ್ರಭುವಿನ ಬೆರಳು ಎಂದಿದ್ದ. ಹಾಗೆ ಕರೆಯಲು ಯಾರಿಗೂ ನಾಲಿಗೆ ಬಂದಿರಲಿಲ್ಲ.

ವಾವ್ರಾನ ಕೆಲಸದ ಮಣೆಯ ಕೆಳಗೆ ಗೋಣಿ ಮುಚ್ಚಿಟ್ಟ ಕೊಳವೆಗಳು ಸಿಕ್ಕಿದ್ದವು. ಸಾಲಾಗಿ ಮಲಗಿಸಿ ಒಂದೊಂದಕ್ಕೂ ಸುಣ್ಣದ ಗೀರು ಹಾಕಿತ್ತು.

"ಗಾಡಿಗೆ ಯಾಕೆ ಕಡಿಮೆ ಬೀಳ್ತಿವೆ ಅಂತ ನಾನು ತಲೆ ಕೆರ್ಕೊಳ್ತಿದ್ದೆ" ಅಂದ ಪೆಶೆಕ್. "ಇಲ್ಲಿ ಮರಿ ಹಾಕ್ತಿದ್ವು."

"ಯಾಕೆ ಬಚ್ಚಿಟ್ಟೆ?" ಎಂದು ಮಿಕೇಶ್ ಕೇಳಿದ.

ವಾವ್ರಾ ನನ್ನ ಕಡೆ ನೋಡಿ ಕಣ್ಣು ಕೆಳಗೆ ಮಾಡಿದ. "ಇವು ಸರಿ ಇಲ್ಲ ಅನ್ನಿಸ್ತು. ಸಿಡಿಯೋ ಹಂಗಿವೆ."

"ನನ್ನ ಕಬ್ಬಿಣ ಸಿಡಿಯುತ್ತಾ? ಪೀಪಿ ಮಾಡೋನು ನಂಗೆ ಹೇಳ್ಕೊಡ್ತಾನೆ."

ಪೆಶೆಕ್ ಸಾಲಿನ ನಡುವಿಂದ ಒಂದನ್ನು ಎಳೆದು, ಮದ್ದು ಜಡಿದು, ಗುಂಡು ತುರುಕಿ, ಹಂದಿಗೂಡಿನ ಕಡೆಗೆ ಹಿಡಿದು ಕೆಂಡ ಮುಟ್ಟಿಸಿದ. ಕೊಳವೆ ಸಿಡಿಯಲಿಲ್ಲ. ಗೂಡಿನ ಹಲಗೆಯಲ್ಲಿ ಮುಷ್ಟಿಯಷ್ಟು ತೂತಾಯಿತು. ಹಂದಿಗಳು ಕೂಗಿಕೊಂಡವು, ಜನ ಕೂಗಲಿಲ್ಲ. ವಾವ್ರಾನ ಸುತ್ತ ನಿಂತವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಚೆನ್ನಾಗಿರುವ ಆಯುಧವನ್ನು ಕೆಟ್ಟದೆಂದು ಹೇಳಿ ಅಡಗಿಸಿಟ್ಟವನು. ರಾಜನ ದಂಡಿನಲ್ಲಿ ತಮ್ಮನಿರುವವನು. ಸನ್ನೆ ಊದುವವನು.

"ಇವನನ್ನ ಗೋಡೆ ಹತ್ರ ಕರ್ಕೊಂಡು ಬನ್ನಿ" ಅಂದ ಮಿಕೇಶ್. ದನಿ ಏರಿಸಲಿಲ್ಲ.

ನಾನು ಆ ಸಾಲನ್ನೇ ನೋಡುತ್ತಿದ್ದೆ. ಗಿಡ್ಡವು ಒಂದು ಕಡೆ, ಉದ್ದವು ಒಂದು ಕಡೆ ಎಂದು ಬೇರ್ಪಡಿಸಿರಲಿಲ್ಲ. ಉದ್ದದ ಪಕ್ಕ ಗಿಡ್ಡ, ಅದರ ಪಕ್ಕ ಅದಕ್ಕಿಂತ ಗಿಡ್ಡ, ಮತ್ತೆ ಉದ್ದ. ಮೊದಲ ದಿನದ ಸ್ವರವನ್ನು ಮನಸ್ಸಿನಲ್ಲೇ ಹಿಡಿದು, ಅದರ ಮುಂದೆ ಎರಡನೆಯ ದಿನದ್ದನ್ನು ಇಟ್ಟೆ. ಅದು ನನಗೆ ಗೊತ್ತಿದ್ದ ರಾಗ.

"ಮಿಕೇಶಣ್ಣ, ತಳ್ಳೋಕೆ ಮುಂಚೆ ಒಂದ್ಸಲ ಇವನ ಕೈಲಿ ಈ ಕೊಳವೆಗಳನ್ನ ಊದ್ಸು. ಸಾಲಲ್ಲಿ ಇಟ್ಟಿರೋ ಹಂಗೇ" ಎಂದೆ.

"ಕಬ್ಬಿಣಾನ ಊದೋದಾ?"

"ಊದ್ಲಿ ಬಿಡೋ, ನಂಗೆ ಕೇಳ್ಬೇಕು" ಅಂದಳು ಕುನಾ ಅಜ್ಜಿ. "ನೋಡೋದಂತೂ ಆಗಲ್ಲ."

ವಾವ್ರಾ ಮಂಡಿಯೂರಿದ. ಮೊದಲ ಕೊಳವೆಯ ಬಾಯನ್ನು ಕೆಳತುಟಿಗೆ ಒತ್ತಿ, ಪಕ್ಕದ ತೂತನ್ನು ಬೆರಳಲ್ಲಿ ಮುಚ್ಚಿ, ಅರ್ಧ ಉಸಿರು ಪೋಲು ಮಾಡಿ ಊದಿದ. ಆಮೇಲೆ ಎರಡನೆಯದು. ಮೂರನೆಯದು. ಬಾಗಿಲು. ಹಾಕು. ಪ್ರಭುವೇ. ಸಾಲಿನ ನಡುವೆ ಪೆಶೆಕ್ ಎಳೆದುಕೊಂಡ ಕೊಳವೆಯ ಜಾಗ ಬಂತು. ಅದು ಇನ್ನೂ ಕಮ್ಮಾರನ ಕೈಯಲ್ಲಿ ಹೊಗೆಯಾಡುತ್ತಿತ್ತು. ತುಟಿ ಇಡುವ ಹಾಗಿರಲಿಲ್ಲ. ವಾವ್ರಾ ಊದುವುದನ್ನು ನಿಲ್ಲಿಸಿದ. ಆ ಖಾಲಿ ಜಾಗದಲ್ಲಿ ಕುನಾ ಅಜ್ಜಿ ತನ್ನ ಒಡಕು ದನಿಯಿಂದ 'ನಾವೆಲ್ಲ' ಎಂದಳು. ವಾವ್ರಾ ಮುಂದಿನದನ್ನು ಎತ್ತಿಕೊಂಡ.

ರಾಗ ಮುಗಿಯಿತು.

"ಹಿಡಿ ಕೂಡ್ಸೋಕೆ ಮುಂಚೆ ಒಳಗಿನ ಪುಡಿ ಊದಿ ತೆಗೀಬೇಕು" ಅಂದ ವಾವ್ರಾ ನೆಲ ನೋಡುತ್ತಾ. "ಒಂದು ದಿನ ಒಂದು ಸ್ವರ ಬಂತು. ಇನ್ನೊಂದು ಬೇಕನ್ನಿಸ್ತು. ಮೊದ್ಲೆಲ್ಲ ಮೆಲ್ಲಗೆ ಊದ್ತಿದ್ದೆ, ಹೊರಗೆ ಕೇಳಿಸ್ತಿರ್ಲಿಲ್ಲ. ಒಂದು ಸಾಲು ಪೂರ್ತಿ ಆದ್ಮೇಲೆ ಕೊಟ್ಬಿಡೋಣ ಅಂತಿದ್ದೆ."

ಮಿಕೇಶ್ ಬಗ್ಗಿ ಒಂದು ಕೊಳವೆಯನ್ನು ಎತ್ತಿಕೊಂಡ. "ದಂಡು ಹೊಳೆ ಆಚೆ ನಿಂತಿದೆ. ನಮ್ಮ ಹೆಂಗಸ್ರು ಗಾಡಿ ಮೇಲೆ ಬರಿಗೈಲಿ ನಿಂತಿದ್ದಾರೆ. ಇವನಿಗೆ ರಾಗ ಬೇಕು. ಗೂಢಚಾರನಿಗೆ ಇಷ್ಟು ದಡ್ಡತನ ಇರಲ್ಲ. ಎಲ್ಲಾನೂ ಗಾಡಿಗೆ ಸಾಗಿಸಿ."

ಮಧ್ಯಾಹ್ನ ಕೊಳವೆಗಳನ್ನು ಹಂಚುವಾಗ ಒಬ್ಬಳು, "ನನ್ನ ಕೊಳಲು ಕೊಡು" ಎಂದು ಕೈ ಚಾಚಿದಳು. ನಮ್ಮ ಮಾತಿನಲ್ಲಿ ಕೊಳಲೆಂದರೆ ಪೀಶ್ತಲಾ. ಹಿಂದಿನಿಂದ ಇನ್ನೊಬ್ಬಳು, "ನಂಗೆ ಕೆಳಗಿನ ಸ್ವರದ್ದು ಕೊಡು, ನನ್ನ ಗಂಟಲು ದಪ್ಪ" ಎಂದಳು. ಹಾಗನ್ನಬೇಡಿ, ಅದು ಕುಣಿತದವರ ಸಾಮಾನು ಎಂದು ಮಿಕೇಶ್ ಎರಡು ಭಾನುವಾರ ಬೋಧಿಸಿದ. ಮೂರನೆಯ ಭಾನುವಾರ ಅವನ ಬಾಯಲ್ಲೇ ಆ ಹೆಸರು ಜಾರಿತು. ಬೇರೆ ಊರುಗಳಲ್ಲೂ ಈ ಆಯುಧವನ್ನು ಪೀಶ್ತಲಾ ಎಂದೇ ಕರೆಯುತ್ತಾರಂತೆ. ಅಲ್ಲಿ ಆ ಹೆಸರು ಹೇಗೆ ಬಂತೋ ನಾನರಿಯೆ.

ಕೊಳವೆ ಹಂಚಿದ ಆ ಮಧ್ಯಾಹ್ನವೇ, ಹಂಚಿಕೆ ಮುಗಿದ ಮೇಲೆ, ಮಿಕೇಶ್ ನನ್ನನ್ನು ಗಾಡಿಯ ಮರೆಗೆ ಕರೆದ.

"ತಂಗಿ ಲಿಡಾ, ನಿನ್ನ ಕಿವಿ ಚುರುಕು. ಇವತ್ತು ಅದು ನಿನ್ನ ಗಂಡನ್ನ ಉಳಿಸ್ತು."

ನಾನು ಖಾಲಿಯಾದ ಗೋಣಿಯನ್ನು ಮಡಚಿದೆ.

"ಆದ್ರೆ ರಾಗಕ್ಕೂ ಸನ್ನೆಗೂ ಬಹಳ ದೂರ ಇಲ್ಲ. ತಮ್ಮ ಅಲ್ಲೇ ಇದ್ದಾನೆ. ಮನೇಲಿ ಅವನು ಏನು ಮಾತಾಡ್ತಾನೆ, ನಿದ್ದೇಲಿ ಏನು ಬಡಬಡಿಸ್ತಾನೆ, ಸ್ವಲ್ಪ ಕಿವಿ ಇಡು. ಭಾನುವಾರ ಬಂದು ಹೇಳು. ಊರಿನ ಒಳ್ಳೇದಕ್ಕೆ ಕೇಳ್ತಿದ್ದೀನಿ."

ಕೆದರಿದ ಹಾಸಿಗೆಯ ಹುಲ್ಲು ಕಣ್ಣ ಮುಂದೆ ಬಂತು. ಪಕ್ಕದಲ್ಲಿ ಮಲಗಿದವನ ಉಸಿರಿನಲ್ಲಿ ಸುಳ್ಳು ಹುಡುಕುತ್ತ ಕಳೆದ ರಾತ್ರಿ ನೆನಪಾಯಿತು. ಆ ರಾತ್ರಿ ನನ್ನ ಬಾಯಿಗೆ ಒಂದು ಕೀರ್ತನೆಯೂ ಬಂದಿರಲಿಲ್ಲ.

"ಆಗಲ್ಲ ಅಣ್ಣ" ಅಂದೆ. "ನಾನು ಕಿವಿ ಇಡಲ್ಲ."