ಅಂಟು ಹಾಕದ ಲಕೋಟೆ

ಮಸ್ಕತ್ತಿನ ಹಮ್ರಿಯಾದ ಮೊಯ್ದೀನಾಕನ ದಿನಸಿ ಅಂಗಡಿ ಆ ಗುರುವಾರ ಕಾಯಂ ಆಗಿ ಮುಚ್ಚಲಿತ್ತು. ಹರಿಣಾಕ್ಷಿ ದಾರ್ಸೈಟಿನಿಂದ ಟ್ಯಾಕ್ಸಿ ಹಿಡಿದು ಬಂದಾಗ ಕಪಾಟುಗಳೆಲ್ಲ ಖಾಲಿ. ಮೂವತ್ತೆಂಟು ವರ್ಷದ ಕುಚ್ಚಲಕ್ಕಿಯ ವಾಸನೆ ಮಾತ್ರ ಎದ್ದು ಹೋಗಲು ಒಪ್ಪದೆ ಕೂತಿತ್ತು. ಜೊತೆಗೆ ತಂಗಿಯ ಮಗಳು ಭವ್ಯಶ್ರೀ. ಅವಳ ಕೈಯಲ್ಲಿ ಒಂದು ಕಂದು ಲಕೋಟೆ.

ಗಲ್ಲಾಪೆಟ್ಟಿಗೆಯ ಪಕ್ಕದ ಬಿಸ್ಕತ್ತಿನ ಡಬ್ಬ ಇನ್ನೂ ಅಲ್ಲೇ ಇತ್ತು. ಫೋನಿಗೆ ಸಂಬಳವೇ ಸಾಲದಿದ್ದ ಕಾಲದಲ್ಲಿ ಊರಿಗೆ ಹೋಗುವ ಕಾಗದಗಳೆಲ್ಲ ಆ ಡಬ್ಬಕ್ಕೆ ಬೀಳುತ್ತಿದ್ದವು. ವಿಮಾನ ಹತ್ತುವವರು ಬಂದು ಅದನ್ನು ಖಾಲಿ ಮಾಡಿಕೊಂಡು ಹೋಗಬೇಕು. ಕಟ್ಟಳೆ ಒಂದೇ: ಕೈಯಲ್ಲಿ ಕಳಿಸುವ ಕಾಗದಕ್ಕೆ ಅಂಟು ಹಾಕಬಾರದು. ಹೊರುವವನಿಗೆ ತಾನು ಹೊರುವುದು ಏನೆಂದು ಗೊತ್ತಿರಬೇಕು. ಹೊಸ ಮದುಮಗಳಾಗಿ ಬಂದ ಹರಿಣಾಕ್ಷಿ ‘ಇಲ್ಲಿ ಸುಖವಾಗಿದ್ದೇನೆ’ ಎಂದು ಅಮ್ಮನಿಗೆ ಬರೆದಿದ್ದಳು. ಅದನ್ನು ಒಯ್ದ ಮೊಯ್ದೀನಾಕ, "ಸುಖವೇ, ಆದ್ರೆ ಬರೀವಾಗ ಅತ್ತಿದ್ದಾಳೆ, ಶಾಯಿ ಹರಡಿದೆ" ಎಂದು ಅಂಗಳದಲ್ಲೇ ಹೇಳಿಬಿಟ್ಟಿದ್ದ. ಮುಂದಿನ ತಿಂಗಳು ಅಪ್ಪ ಸಾಲ ಮಾಡಿ ಟಿಕೇಟು ತೆಗೆದು ಬಂದು ನಿಂತಿದ್ದ.

ಈಗಿನ ಕಾಗದ ಕೋರ್ಟಿನದು. ಭವ್ಯಶ್ರೀಯ ಗಂಡ ವಿಕಾಸ ಸೈನ್ಯದಲ್ಲಿ ಹವಾಲ್ದಾರ. ಹೆಂಡತಿಯ ಹತ್ತಿರ ಸುಳಿಯಬಾರದು, ಫೋನು ಮಾಡಬಾರದು ಎಂದು ಊರಿನ ಕೋರ್ಟು ರಕ್ಷಣಾ ಆದೇಶ ಕೊಟ್ಟು ಐದು ತಿಂಗಳಾಗಿತ್ತು. ಅವಳು ದೊಡ್ಡಮ್ಮನ ಮನೆ ಸೇರಿ, ಇಲ್ಲಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಆದರೆ ಆದೇಶ ಠಾಣೆಯಲ್ಲೇ ಮಲಗಿತ್ತು. ‘ಅವರು ಮಿಲಿಟರಿ, ನಮ್ಮ ಕೈಗೆ ಬರುವುದಿಲ್ಲ’ ಎಂದಿತು ಠಾಣೆ. ‘ಇದು ಸಿವಿಲ್ ವಿಷಯ, ಅಧಿಕೃತ ಪ್ರತಿ ಬಂದಿಲ್ಲ, ಇಮೇಲ್ ನಡೆಯದು’ ಎಂದಿತು ವಿಕಾಸನ ಸೈನ್ಯದ ಕ್ಯಾಂಪು. ಎರಡು ಸರ್ಕಾರಿ ಬಾಗಿಲುಗಳ ನಡುವೆ ಒಂದು ಹೆಣ್ಣಿನ ಜೀವ ನಿಂತಿತ್ತು. ಎರಡು ಬಾಗಿಲಿನವರೂ ಊಟಕ್ಕೆ ಹೋಗಿದ್ದರು. ಐದು ತಿಂಗಳಲ್ಲಿ ಕ್ಯಾಂಪು ಮುಟ್ಟದ ಆದೇಶವೆಲ್ಲಿ, ದಾರ್ಸೈಟಿನ ಕೃಷ್ಣ ದೇವಸ್ಥಾನದ ಊಟದ ಫೋಟೋ ಎಲ್ಲಿ! ಅದು ಊರವರ ವಾಟ್ಸಾಪಿನಿಂದ ಒಂದೇ ಸಂಜೆಯಲ್ಲಿ ವಿಕಾಸನ ಕೈ ಸೇರಿತು. ಅದರ ಮೂರನೇ ಸಾಲಿನಲ್ಲಿ ಭವ್ಯಶ್ರೀ ಬಡಿಸುತ್ತಿದ್ದಳು; ಅವಳು ಎಲ್ಲಿದ್ದಾಳೆಂದು ಅವನಿಗೆ ತಿಳಿದದ್ದು ಹಾಗೆ.

‘ವಿದೇಶಕ್ಕೆ ಹೋಗಲು ಸೋಮವಾರ ಸಾಹೇಬರು ಸಹಿ ಹಾಕುತ್ತಾರೆ. ಬಂದು ಎಳೆದುಕೊಂಡು ಹೋಗುತ್ತೇನೆ’ ಎಂದು ಅವನು ಭವ್ಯಶ್ರೀಯ ಅಮ್ಮನಿಗೆ ಸಂದೇಶ ಕಳಿಸಿದ್ದ. ಸಹಿಗೆ ಮೊದಲು ಭವ್ಯಶ್ರೀಯ ಬಳಿಯಿದ್ದ ಕೋರ್ಟಿನ ಮೊಹರಿನ ಪ್ರತಿ ಆ ಸಾಹೇಬರ ಮೇಜಿನ ಮೇಲೆ ಇರಬೇಕು. ಕೊರಿಯರ್ ಅಷ್ಟರೊಳಗೆ ಮುಟ್ಟುವುದಿಲ್ಲ. ಅಂಗಡಿ ಮುಚ್ಚಿ ಊರಿಗೆ ಮರಳುತ್ತಿದ್ದ ಮೊಯ್ದೀನಾಕ ಮಂಗಳೂರಿನ ಟಿಕೇಟನ್ನು ಮುಂಬೈಗೆ ಬದಲಿಸಿಕೊಂಡಿದ್ದ. ಕ್ಯಾಂಪು ಅಲ್ಲಿಂದ ಒಂದು ದಿನದ ರೈಲು.

ಲಕೋಟೆ ತೆಗೆದುಕೊಂಡವನು ಅಂಚನ್ನು ಬೆರಳಿಂದ ಸವರಿದ.

"ಎಂತ ಮಗಾ, ಗಟ್ಟಿ ಅಂಟಿಸಿದ್ದಿ?"

"ಸರ್ಕಾರಿ ಕಾಗದ ಅಲ್ವಾ ಮೊಯ್ದೀನಾಕ..." ಭವ್ಯಶ್ರೀ ನೆಲ ನೋಡಿದಳು.

"ಸರ್ಕಾರಿದ್ದಾದ್ರೆ ನಂಗೇನು? ನಿನ್ನ ದೊಡ್ಡಮ್ಮನನ್ನು ಕೇಳು. ಮುಚ್ಚಿದ ಕಾಗದ ನಾನು ಹೊತ್ತವನಲ್ಲ."

"ಕೂಸಿಗೆ ನಾಚಿಕೆ," ಎಂದಳು ಹರಿಣಾಕ್ಷಿ ಮೆಲ್ಲಗೆ.

"ನಾಚಿಕೆಯಾ! ಹೊಡೆದವ ಯೂನಿಫಾರ್ಮು ಇಸ್ತ್ರಿ ಮಾಡಿ ಹಾಕ್ತಾನೆ, ಪೆಟ್ಟು ತಿಂದವಳು ಗೋಂದು ಹಚ್ಚುದಾ? ಗೇಟಿನಲ್ಲಿ ‘ಮುದುಕ, ಒಳಗೆ ಎಂತ ಉಂಟು’ ಅಂತ ಕೇಳಿದ್ರೆ ನಾನು ಏನು ಹೇಳ್ಬೇಕು, ಹಲ್ವಾ ಅಂತಲಾ?"

ಭವ್ಯಶ್ರೀಗೆ ನಗು ಬಂತು. ನಗುವಿನ ಹಿಂದೆಯೇ ಅಳು. ಕೈ ಚಾಚಿ ಲಕೋಟೆ ವಾಪಸು ತೆಗೆದುಕೊಂಡಳು. ಇನ್ನು ಮನೆಗೆ ಹೊರಡುತ್ತಾಳೆ ಎಂದು ಹರಿಣಾಕ್ಷಿ ಹೆದರಿದಳು. ಆದರೆ ಭವ್ಯಶ್ರೀ ಅದನ್ನು ಹರಿದು, ಕಾಗದ ಬಿಡಿಸಿ, ಖಾಲಿ ಕಪಾಟುಗಳ ನಡುವೆ ನಿಂತು ತಾನೇ ಓದತೊಡಗಿದಳು. ಬಲ ಮಣಿಕಟ್ಟಿನ ಮೂಳೆ ಮುರಿತ. ಬಚ್ಚಲಿನಲ್ಲಿ ಎರಡು ದಿನ ಕೂಡಿಹಾಕಿದ್ದು. ಹರಿಣಾಕ್ಷಿಗೂ ಗೊತ್ತಿರದಿದ್ದ ಎರಡು ದಿನ ಅದು. ಮೊಯ್ದೀನಾಕ ಟೊಪ್ಪಿ ತೆಗೆದು ಮತ್ತೆ ಇಟ್ಟುಕೊಂಡ.

"ಇನ್ನೊಮ್ಮೆ ಓದು ಮಗಾ. ನಂಗೆ ಬಾಯಿಪಾಠ ಆಗ್ಬೇಕು."

ಸೋಮವಾರ ಮಧ್ಯಾಹ್ನ ಹರಿಣಾಕ್ಷಿಗೆ ಮೊಯ್ದೀನಾಕನ ಫೋನು ಬಂತು.

"ಪೆಟ್ಟಿಗೆಗೆ ಹಾಕಿ ಹೋಗು ಅಂದ ತಂಗಿ, ಗುಮಾಸ್ತ. ‘ಪಹಲೇ ಪಢೋ ಸಾಬ್’, ಮೊದಲು ಓದಿ ಅಂದೆ. ಪುರ್ಸೊತ್ತಿಲ್ಲ ಅಂದ. ಹಾಗಾದ್ರೆ ಕೇಳು ಅಂತ ನಾನೇ ಶುರು ಮಾಡಿದೆ, ಹಿಂದಿಯಲ್ಲಿ, ಗಟ್ಟಿ ಸ್ವರದಲ್ಲಿ. ಬಚ್ಚಲಿನ ಮಾತಿಗೆ ಬರುವಾಗ ಆಚೆ ಕೋಣೆಯಿಂದ ದೊಡ್ಡ ಸಾಹೇಬ್ರೇ ಎದ್ದು ಬಂದ್ರು. ಸಹಿಗೆ ಇಟ್ಟ ಫೈಲು ವಾಪಸು ತರಿಸಿದ್ರು. ಮಸ್ಕತ್ ಗಿಸ್ಕತ್ ಖಲಾಸ್. ಮೊಹರು ಹಾಕಿದ ರಸೀದಿ ನನ್ನ ಕಿಸೆಯಲ್ಲುಂಟು. ಮುಟ್ಟಿತು ಅಂತ ಹೇಳು ಕೂಸಿಗೆ."

ಮುಟ್ಟಿತು. ಹಿಂದೆ ಆ ಒಂದು ಮಾತಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದೆವಲ್ಲ, ಎಂದುಕೊಂಡಳು ಹರಿಣಾಕ್ಷಿ.

ಭವ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ದೊಡ್ಡಮ್ಮ, ಶುಕ್ರವಾರ ದೇವಸ್ಥಾನಕ್ಕೆ ಹೋಗುವಾ. ಬಡಿಸ್ಲಿಕ್ಕೆ ಜನ ಇಲ್ಲವಂತೆ."

"ಫೋಟೋ ತೆಗೀತಾರೆ ಮಾರಾಯ್ತಿ."

"ತೆಗೀಲಿ. ಈ ಸಲ ಮೊದಲನೇ ಸಾಲಿನಲ್ಲಿ ನಿಲ್ತೇನೆ."