ಮೆಟ್ಟಿಲಡಿಯ ತೊಗಟೆ ಮನೆಗಳು

ಹರಿಣಾಕ್ಷಿಯಮ್ಮ ಆ ಬೆಳಿಗ್ಗೆ ಒಬ್ಬ ಮುದುಕನಿಗೆ ಮೂಗು ಮಾಡುತ್ತಿದ್ದರು. ಮಳೆಮರದ ಒಣ ತೊಗಟೆಯ ಮುದುಕ. ಅವನ ಟೊಪ್ಪಿಯೇ ಒಂದು ಮನೆ. ಟೊಪ್ಪಿಯ ಅಂಚಿನಲ್ಲಿ ಡೊಂಕು ಮೆಟ್ಟಿಲು, ಮೇಲೆ ಉಗುರಿನಷ್ಟು ಅಗಲದ ಕಿಟಕಿ, ಅದಕ್ಕೂ ಮೇಲೆ ಒಂದು ಕಡೆಗೆ ವಾಲಿದ ಹೊಗೆಗೂಡು. ಮೂಗು ಮಾತ್ರ ಎಷ್ಟು ತಿದ್ದಿದರೂ ಗಂಡ ಭುಜಂಗನ ಮೂಗಿನಂತೆಯೇ ಆಗುತ್ತಿತ್ತು.

ತುಳುನಾಡು ಬಿಟ್ಟು ಬಂದು ನೆಲೆಸಿದ ವರ್ತಕ ನಗರದ ಆ ಹಳೆಯ ವಸತಿ ಸೊಸೈಟಿಯಲ್ಲಿ ಮೆಟ್ಟಿಲ ಕೆಳಗಿನ ಮೂಲೆ ಅವರದ್ದು. ಬೇಲಾಪುರದ ಕಚೇರಿಯಿಂದ ನಿವೃತ್ತರಾದ ಮೇಲೆ ಹಿಡಿದ ಹುಚ್ಚು ಇದು. ಮನೆಯೊಳಗೆ ಕೆತ್ತಿದರೆ ಪುಡಿ ಹಾರಿ ಭುಜಂಗನಿಗೆ ಉಬ್ಬಸ ಏಳುತ್ತದೆಂದು ಸೊಸೈಟಿಯವರೇ ಮೂಲೆ ಬಿಟ್ಟುಕೊಟ್ಟಿದ್ದರು. ವಾಚ್‌ಮನ್ ಶಂಕ್ರೆಪ್ಪ ಒಂದು ಬಲ್ಬು ಎಳೆದುಕೊಟ್ಟಿದ್ದ. ಎಲ್ಲಾದರೂ ಒಣಮರ ಬಿದ್ದರೆ ಗುಡಿಸುವ ಮೊದಲು ದಪ್ಪ ತೊಗಟೆ ಆರಿಸಿ ಮೆಟ್ಟಿಲಡಿಗೆ ತಂದಿಡುತ್ತಿದ್ದವನೂ ಅವನೇ. ಮೊದಲ ಮಹಡಿಯ ದಂತವೈದ್ಯೆ ಸೋನಾಲಿ ಸವೆದ ಸಲಕರಣೆಗಳನ್ನು ಎಸೆಯದೆ ಇವರಿಗಾಗಿ ಎತ್ತಿಡುತ್ತಿದ್ದಳು. ಹುಳುಕು ಕೆರೆಯುವ ಕೊಕ್ಕೆಯಷ್ಟು ಚೆನ್ನಾಗಿ ತೊಗಟೆಯಲ್ಲಿ ಕಿಟಕಿ ತೆಗೆಯುವ ಸಾಧನ ಬೇರೊಂದಿಲ್ಲ.

"ಆಂಟಿ, ಒಂದ್ನಿಮಿಷ."

ತಲೆಯೆತ್ತಿದರೆ ಸೊಸೈಟಿಯ ಸೆಕ್ರೆಟರಿ ಕಿಟ್ಟಿ. ಮೈಸೂರಿನವನು, ಮಹಾಪೆಯ ಕಂಪನಿಯೊಂದರಲ್ಲಿ ಕೆಲಸ. ದೂರದಿಂದಲೇ ನಗುತ್ತ ಬರುವವನು ಅಂದು ನಗಲಿಲ್ಲ. ಕೆಮ್ಮುತ್ತ ಫೋನನ್ನು ಮುಂದೆ ಹಿಡಿದ.

"ಗೇಟ್ ಹತ್ರದ ಸಪ್ತಪರ್ಣಿ. ನನ್ ಮಗಳು ಪ್ರಕೃತಿ ಹುಟ್ಟಿದ್ ವರ್ಷ ನಾನೇ ನೆಟ್ಟಿದ್ದು. ಹೇಗೆ ಸುಲಿದಿದ್ದಾರೆ ನೋಡಿ."

"ಅಯ್ಯೋ ದೇವ್ರೇ! ಯಾರು ಮಾಡಿದ್ದು?"

"ಅದನ್ನೇ ಕೇಳೋಕ್ ಬಂದೆ. ಈ ಬಿಲ್ಡಿಂಗಲ್ಲಿ ತೊಗಟೆ ಬೇಕಾಗೋದು ಇನ್ಯಾರಿಗೆ ಹೇಳಿ?"

ಹರಿಣಾಕ್ಷಿಯಮ್ಮನ ಕೈಯ ಕೊಕ್ಕೆ ಮುದುಕನ ಮೂಗಿನ ಮೇಲೇ ನಿಂತಿತು. "ನನಗಾ? ಜೀವ ಇರುವ ಮರದ್ದು ನಾನು ಮುಟ್ಟುದಿಲ್ಲ ಕಿಟ್ಟಿ."

"ಜಗಳ ಆಡೋಕ್ ಬಂದಿಲ್ಲ ಆಂಟಿ. ಎಲ್ರೂ ಇದನ್ನೇ ಹೇಳ್ತಿದ್ದಾರೆ. ಭಾನುವಾರ ಮೀಟಿಂಗ್ ಇದೆ, ಅಷ್ಟರೊಳಗೆ ಈ ಮೂಲೆ ಖಾಲಿ ಮಾಡ್ಬಿಡಿ."

"ಮಾಡುದಿಲ್ಲ," ಎಂದರು ಅವರು, ಸಾರಿಗೆ ಉಪ್ಪು ಸಾಲದು ಎಂಬಷ್ಟೇ ಮೆತ್ತಗೆ. ಕಿಟ್ಟಿ ಕೆಮ್ಮಿಕೊಂಡು ಹೊರಟುಹೋದ.

ಕೊಡೆ ಹಿಡಿದು ಮರದ ಬಳಿ ಹೋದರು. ಎದೆಯೆತ್ತರದಲ್ಲಿ ಅಂಗೈಯಗಲದ ಗಾಯ. ಒಸರಿದ ಹಾಲು ಮಳೆಗೆ ತೊಳೆದುಹೋಗಿತ್ತು. ಅಂಚನ್ನು ಬೆರಳಿನಿಂದ ಸವರಿದರು. ಚೂರಿ ಆಡಿದ್ದರೆ ಅಂಚು ನಯವಾಗಿರಬೇಕಿತ್ತು. ಇದು ಜಜ್ಜಿ ನಾರುನಾರಾಗಿತ್ತು.

ಕಲ್ಲು! ಹೊಳೆದೊಡನೆ ನಿನ್ನೆಯ ಕಹಿ ಮತ್ತೆ ನಾಲಿಗೆಗೆ ಬಂತು.

ನಿನ್ನೆ ಆಟಿ ತಿಂಗಳ ಅಮಾವಾಸ್ಯೆ. ತುಳುನಾಡಿನವರು ಅಂದು ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ತೊಗಟೆಯನ್ನು ಬೆಳಕು ಹರಿಯುವ ಮುನ್ನ ತರಬೇಕು, ಕಬ್ಬಿಣ ತಾಗಿಸದೆ ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಊರಿನವರು ಹಾಲೆ ಎನ್ನುವ ಮರವೇ ಇಲ್ಲಿಯವರ ಸಪ್ತಪರ್ಣಿ. ಈ ಸೊಸೈಟಿಯಲ್ಲಿ ಆ ಕಷಾಯ ಮಾಡುವವರು ಮೂರನೆಯ ಮಹಡಿಯ ತಾರಾನಾಥಣ್ಣ ಒಬ್ಬರೇ. ಜೀವಮಾನವಿಡೀ ಹೋಟೆಲಿನಲ್ಲಿ ಅಡಿಗೆ ಮಾಡಿದವರು, ಹೆಂಡತಿ ಹೋದ ಮೇಲೆ ಒಬ್ಬಂಟಿ. ವರ್ಷಕ್ಕೊಮ್ಮೆ ಕೆಟಲ್ ಹಿಡಿದು ಊರಿನವರ ಬಾಗಿಲು ಬಾಗಿಲಿಗೆ ಹೋಗುವುದೇ ಅವರಿಗೆ ಹಬ್ಬ. ಮುಂಚೆ ದೊಡ್ಡ ರಸ್ತೆಯ ಹಳೆಯ ಮರದಿಂದ ಚೂರು ತೊಗಟೆ ತರುತ್ತಿದ್ದರು. ಆ ಮರ ಹೋದ ಮಳೆಗಾಲದಲ್ಲಿ ಬಿದ್ದಿತ್ತು. ಈ ಸಲ ಅವರ ಮೊಣಕಾಲು ಬೇರೆ ಬಾತಿತ್ತು. ಹತ್ತಿರದ ಮರವೆಂದರೆ ಗೇಟಿನದ್ದೇ.

ಭುಜಂಗನಿಗೆ ಹೇಳಿದಾಗ ಅವರು ಪೇಪರ್ ಕೆಳಗಿಟ್ಟರು. "ಮತ್ತೆಂತ? ತಾರಾನಾಥ ಅಂತ ಹೇಳಿ ಬಿಡು. ಮುಗೀತಲ್ಲ."

"ಕುಡಿಯುವಾಗ ಇನ್ನು ಸ್ವಲ್ಪ ಹಾಕಿ ಅಂತ ಲೋಟ ಹಿಡಿದದ್ದು ಯಾರು?"

"ಅದು ಬೇರೆ ವಿಷಯ ಮಾರಾಯ್ತಿ."

"ಬೇರೆ ಅಲ್ಲ. ನೀವು ಆಸ್ಪತ್ರೆಯಲ್ಲಿ ಇದ್ದಾಗ ದಿನಾ ಬಿಸಿ ಗಂಜಿ ತಂದದ್ದು ಯಾರು? ಎಲ್ಲರ ಎದುರು ಅವರ ಹೆಸರು ಹೇಳಿದ್ರೆ ಇನ್ನು ಯಾರ ಬಾಗಿಲನ್ನೂ ತಟ್ಟಲಿಕ್ಕಿಲ್ಲ ಅವರು."

"ಹಾಗಾದ್ರೆ ಮೂಲೆ ಬಿಟ್ಟು ಕೊಡ್ತೀಯಾ?"

"ಅದೂ ಇಲ್ಲ."

ಭುಜಂಗ ಮತ್ತೆ ಪೇಪರ್ ಎತ್ತಿಕೊಂಡರು. ಇದೂ ಇಲ್ಲ ಅದೂ ಇಲ್ಲ ಎಂದು ಹೆಂಡತಿ ಹೇಳಿದ ಮೇಲೆ ಮಾತು ಬೆಳೆಸಿ ಗೆದ್ದ ನೆನಪು ಅವರಿಗಿರಲಿಲ್ಲ.

ಆ ವಾರವೆಲ್ಲ ಹರಿಣಾಕ್ಷಿಯಮ್ಮ ಮೆಟ್ಟಿಲಡಿಯಲ್ಲೇ ಕೂತರು. ಹಿಂದೆ ಬೆಳಿಗ್ಗೆ ಮಾತ್ರ ಕೂರುತ್ತಿದ್ದವರು ಈಗ ಸಂಜೆಯೂ ಕೂತರು. ಹತ್ತಿ ಇಳಿಯುವವರು ನೋಡಿದರೆ ನೋಡಲಿ. ಮುದುಕನ ಮನೆಗೆ ಬಾಗಿಲು ಬಂತು, ಬಾಗಿಲಿಗೆ ಅಗುಳಿ ಬಂತು. ಎರಡನೆಯ ಮಹಡಿಯ ಜಯಶೀಲ ತರಕಾರಿ ಚೀಲ ಹಿಡಿದು ಹತ್ತುವಾಗ ನಿಂತಳು. ಅವಳೂ ಉಡುಪಿ ಕಡೆಯವಳೇ.

"ಎಂತ ಹರಿಣಾಕ್ಷಿಯಕ್ಕ, ಇವತ್ತು ಯಾವ ಮರಕ್ಕೆ ಗ್ರಹಚಾರ?"

"ಮರದ್ದು ಇರಲಿ. ಅಮಾವಾಸ್ಯೆಯ ಕಹಿ ನಿನ್ನ ಬಾಯಿಂದ ಹೋಯ್ತಾ ಮಾರಾಯ್ತಿ?"

ಜಯಶೀಲ ನಗಲು ಹೋಗಿ ನಿಲ್ಲಿಸಿದಳು. ಗೇಟಿನ ಕಡೆ ನೋಡಿದಳು, ಇವರ ಮುಖ ನೋಡಿದಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹತ್ತಿಹೋದಳು. ಸ್ವಲ್ಪ ಹೊತ್ತಿಗೆ ಅವಳ ಮನೆಯಿಂದ ಚಹಾ ಇಳಿದು ಬಂತು, ಎರಡು ಬಿಸಿ ನೀರುಳ್ಳಿ ಬಜೆಯ ಜೊತೆ.

ಬಜೆಯಲ್ಲಿ ಒಂದನ್ನು ಶಂಕ್ರೆಪ್ಪನಿಗೆ ಕೊಟ್ಟರು. ಅವನು ಅಗಿಯುತ್ತ ತಾನಾಗಿಯೇ ಹೇಳಿದ. "ನೀವು ಸುಲದಿಲ್ಲಂತ ನನಗ ಗೊತ್ತೈತ್ರಿ ಅವ್ವಾರ. ಯಾರಂತ ಕೇಳಿದ್ರ ನಾನೂ ಬಾಯಿ ಬಿಡಂಗಿಲ್ಲ. ಪಾಪ, ಅಜ್ಜಾರು ನನಗೂ ಒಂದ್ ಲೋಟ ಕುಡಿಸ್ಯಾರ. ಸೆಕ್ರೆಟರಿ ಸಾಹೇಬ್ರು ಕೆಮ್ಮಕೋತ ಆಫೀಸಿಗೆ ಹೊಂಟಿದ್ರು, ಅವರನ್ನೂ ಕರದು ಕುಡಿಸಿದ್ರು. ಅವರ ಮಾರಿ ನೋಡಬೇಕಿತ್ತ್ರಿ ನೀವು!"

ಹರಿಣಾಕ್ಷಿಯಮ್ಮನ ಕೈಯ ಬಜೆ ಅರ್ಧದಲ್ಲೇ ಉಳಿಯಿತು.

ಮೀಟಿಂಗಿನಲ್ಲಿ ಈ ಮಾತು ಎಸೆದರೆ ಕಿಟ್ಟಿಯ ಬಾಯಿ ಮುಚ್ಚುತ್ತದೆ, ಜನ ಒಂದು ತಿಂಗಳು ನಗುತ್ತಾರೆ. ಆದರೆ ಮರ ನೆಟ್ಟವನು ಅವನು. ಸಿಟ್ಟು ಬಂದದ್ದು ತಪ್ಪಲ್ಲ. ಅವರು ಭಾನುವಾರದವರೆಗೆ ಕಾಯಲಿಲ್ಲ. ಶನಿವಾರ ಸಂಜೆ ಅವನು ಗೇಟು ದಾಟಿ ಬಂದಾಗ ಕರೆದರು.

"ಬಾ, ಕೂತ್ಕೋ. ಇದೊಂದು ಕಿಟಕಿ ಕೆತ್ತು ನೋಡುವ."

ಮಳೆಗೆ ಮುರಿದುಬಿದ್ದ ಸಪ್ತಪರ್ಣಿಯ ಕೊಂಬೆಯೊಂದರಿಂದ ಬಿಡಿಸಿಟ್ಟ ಹಸಿ ತೊಗಟೆಯನ್ನು ಅವನ ಕೈಗೆ ಕೊಟ್ಟರು, ಜೊತೆಗೆ ಕೊಕ್ಕೆ. ಕಿಟ್ಟಿ ಗೊಣಗುತ್ತ ಕೂತ. ಕೊಕ್ಕೆ ಊರಿದಲ್ಲೆಲ್ಲ ಹಾಲು ಜಿನುಗಿತು, ನಾರು ಎದ್ದಿತು. ಕಿಟಕಿ ಆಗಲಿಲ್ಲ.

"ಇದರಲ್ಲಿ ಆಗೋದಿಲ್ವಲ್ಲ ಆಂಟಿ."

"ಆಗುದಿಲ್ಲ. ಆದ್ರೂ ಒಣಗುವಾಗ ಸುರುಟಿ ಹೋಗ್ತದೆ. ಈ ಮುದುಕನನ್ನು ನೋಡು, ಇವ ಸತ್ತ ಮರದವ. ಎರಡು ವರ್ಷ ಇಲ್ಲೇ ಒಣಗಿದ್ದಾನೆ. ನಿನ್ನ ಮರ ಸುಲಿದು ನಾನೆಂತ ಮಾಡ್ಲಿ?"

ಕಿಟ್ಟಿ ಅಂಟು ಬೆರಳುಗಳನ್ನು ಕರ್ಚೀಫಿಗೆ ಒರೆಸಿಕೊಂಡ. "ಸರಿ, ನೀವಲ್ಲ. ಹಾಗಾದ್ರೆ ಯಾರು?"

"ಹೆಸರು ಹೇಳುದಿಲ್ಲ. ಅದಕ್ಕೆ ನೀನು ಮೂಲೆ ಕಿತ್ಕೊಂಡ್ರೂ ಹೇಳುದಿಲ್ಲ, ನಾನು ಎದ್ದು ಹೋಗುದೂ ಇಲ್ಲ. ಒಂದು ಮಾತ್ರ ಕೇಳ್ತೇನೆ. ಅಮಾವಾಸ್ಯೆ ಬೆಳಿಗ್ಗೆ ನೀನು ಎಂತ ಕುಡಿದದ್ದು?"

"ಯಾವ್ದೋ ಮಂಗಳೂರು ಕಷಾಯ, ಕೆಮ್ಮಿಗೆ ಒಳ್ಳೇದು ಅಂದ್ರು. ದೊಡ್ಡವರು ಕೊಟ್ಟಿದ್ದು ಅಂತ ಕಣ್ಮುಚ್ಚಿ…"

ಕಿಟ್ಟಿ ಬೆರಳನ್ನು ಮೂಸಿದ. ಹಿಂಜರಿಯುತ್ತ ನಾಲಿಗೆಗೆ ತಾಗಿಸಿದ. ಮುಖ ಹಿಂಡಿಹೋಯಿತು.

"ಅಯ್ಯಯ್ಯೋ. ನನ್ ಮರಾನ ನಾನೇ ಕುಡಿದ್ನಾ ಆಂಟಿ?"

"ನಾನೂ ಕುಡಿದಿದ್ದೇನೆ. ಅರ್ಧ ಬಿಲ್ಡಿಂಗ್ ಕುಡಿದಿದೆ."

ಅವನು ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಭುಜ ಕುಲುಕತೊಡಗಿತು. ಕೆಮ್ಮೋ ಎಂದು ಅವರು ನೀರಿನ ಬಾಟಲಿ ಚಾಚಿದರೆ, ನಗು.

"ಬೈಯೋದಿಲ್ಲ ಅವರಿಗೆ," ಎಂದ ಏಳುತ್ತ. "ಆದ್ರೆ ಕಾಂಡ ಸುಲಿಯೋದು ಬೇಡ. ಪ್ರತಿ ವರ್ಷ ಮಳೆಗಾಲದಲ್ಲಿ ಒಂದೆರಡು ಕೊಂಬೆ ಸವರಿಸ್ತೀವಲ್ಲ, ಇನ್ಮೇಲೆ ಅದನ್ನ ಆ ಅಮಾವಾಸ್ಯೆ ಹಿಂದಿನ ದಿನವೇ ಸವರಿಸಿ ಶಂಕ್ರೆಪ್ಪನ ಹತ್ರ ಇಡಿಸ್ತೀನಿ. ತೊಗಟೆ ಅದರಿಂದ ತೆಗೀಲಿ. ಆಗುತ್ತಾ?"

"ಕಬ್ಬಿಣ ತಾಗಿದ ಕೊಂಬೆ ಅಂತ ಅವರು ಒಂದು ಸಲ ಮುಖ ಊದಿಸ್ಯಾರು. ನಾನು ಒಪ್ಪಿಸ್ತೇನೆ."

ಭಾನುವಾರದ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿನ ಜಗಳವೇ ಮುಗಿಯಲಿಲ್ಲ. ಮರದ ಮಾತು ಬಂದಾಗ ಕಿಟ್ಟಿ, "ಅದು ಹರಿಣಾಕ್ಷಿ ಆಂಟಿ ಅಲ್ಲ. ನಾನು ವಿಚಾರಿಸಿದ್ದೀನಿ, ತಪ್ಪು ತಿಳ್ಕೊಂಡಿದ್ದೆ," ಎಂದಷ್ಟೇ ಹೇಳಿ ಮುಂದಿನ ವಿಷಯಕ್ಕೆ ಹೋದ. ಕಷಾಯ ಕುಡಿದಿದ್ದ ಊರಿನವರೆಲ್ಲ ಒಟ್ಟಿಗೆ ಛಾವಣಿ ನೋಡಿದರು.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಳಿಯುವ ಸದ್ದು. ತಾರಾನಾಥಣ್ಣ ಕಂಬಿ ಹಿಡಿದುಕೊಂಡು ಬಂದು ನಿಂತರು. ಪಂಚೆಯ ಮಡಿಕೆಯಿಂದ ಮುಷ್ಟಿ ಗಾತ್ರದ ಬಿಳಿ ಕಲ್ಲೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಕಿಟ್ಟಿ ಬಂದು ಹೇಳಿದ. ನಿನಗೆ ಹೀಗೆ ಮಾತು ಬಂತು ಅಂತ ನನಗೆ ಗೊತ್ತೇ ಇರ್ಲಿಲ್ಲ ತಂಗಿ. ಇದು ಇನ್ನು ನಿನ್ನ ಹತ್ರ ಇರ್ಲಿ. ನನ್ನ ಕೈಯಲ್ಲಿದ್ರೆ ಮತ್ತೆ ಆ ಮರದ ಹತ್ರವೇ ಹೋಗ್ತದೆ."

"ಬರುವ ವರ್ಷ ಕೊಂಬೆಯ ತೊಗಟೆ ತೆಗಿಲಿಕ್ಕೆ ಬೇಕಲ್ಲ, ಆವಾಗ ಬಂದು ತಗೊಳ್ಳಿ. ಕೆಟಲ್ ಹಿಡಿಲಿಕ್ಕೆ ನಾನು ಬರ್ತೇನೆ."

ತಾರಾನಾಥಣ್ಣ ಮೂಗು ಒರೆಸಿಕೊಂಡು, ಬಗ್ಗಿ ತೊಗಟೆಯ ಮುದುಕನನ್ನು ನೋಡಿದರು. "ಇದು ನಮ್ಮ ಭುಜಂಗ ಅಲ್ವಾ?"

"ನೀವು ಹೇಳ್ಬೇಡಿ ಅವರಿಗೆ."

ಅವರು ನಗುತ್ತ ಹತ್ತಿಹೋದ ಮೇಲೆ ಹರಿಣಾಕ್ಷಿಯಮ್ಮ ಕಲ್ಲನ್ನು ಒರೆಸಿ ಮುದುಕನ ಮುಂದೆ ಸರಿಸಿಟ್ಟರು. ಅಂಗಳಕ್ಕೊಂದು ಬಂಡೆ ಆಯಿತು. ಬಂಡೆಯಿಂದ ಬಾಗಿಲಿಗೆ ಒಂದು ಏಣಿ ಬೇಕು ಅನ್ನಿಸಿತು. ತೊಗಟೆಯ ರಾಶಿಯಲ್ಲಿ ಕಡ್ಡಿಯಂತೆ ಸಪುರದ ತುಂಡೊಂದನ್ನು ಹುಡುಕತೊಡಗಿದರು.