ಗೋಡೆಗೆ ಒರಗಿದ ನಿಚ್ಚಣಿಕೆ

ಮಿಶ್ರಿಕೋಟಿಯ ಶಂಕ್ರಪ್ಪನ ಹೊಲದ ನಡುವೆ ಒಂದು ಚಕ್ಕಡಿ ದಾರಿ. ಹಿಂದಿನ ಹೊಲದ ದಾವೂದಸಾಬನ ಗಾಡಿ ಅಜ್ಜನ ಕಾಲದಿಂದ ಅಲ್ಲೇ ಹಾಯುತ್ತದೆ. ಕೇಳಿ ಹಾಯುವ ಪದ್ಧತಿ ಇಲ್ಲ. ಹುಬ್ಬಳ್ಳಿ ಬೆಳೆಯುತ್ತ ಬೆಳೆಯುತ್ತ ಈ ಕಡೆ ಮುಖ ಮಾಡಿದಾಗ ಶಂಕ್ರಪ್ಪ ಹೊಲವನ್ನು ಪ್ಲಾಟ್ ಮಾಡಲು ಹೊರಟ. ದಾರಿಯ ಕೊನೆಗೆ ಗೋಡೆ ಎಬ್ಬಿಸಿದರೆ ಇನ್ನೆರಡು ಪ್ಲಾಟ್ ಸಿಗುತ್ತವೆ, ಕಳ್ಳರ ಕಾಟವೂ ಇರುವುದಿಲ್ಲ ಎಂದು ಅವನ ಎಣಿಕೆ. ದಾವೂದಸಾಬನ ಮನೆಯವರಿಗೆ ಹೇಗೆ ಮುಖ ತೋರಿಸಲಿ ಎಂದು ಹೆಂಡತಿ ಅನ್ನವ್ವ ಒಳಗೊಳಗೇ ಕುದಿದಳು. ಹೇಳಿದರೆ ಗಂಡ ಕೇಳಬೇಕಲ್ಲ.

ಗೋಡೆಯ ಕೆಲಸ ಶುರುವಾಗುವ ಮುಂಚೆ ಇಬ್ಬರೂ ಹುಬ್ಬಳ್ಳಿಯ ಅಂಚಿಗೆ, ಮಗಳು ಅಮೃತಾಳ ಹೊಸ ಮನೆಗೆ ಹೋದರು. ಬಸ್ಸಿಳಿದರೆ ಮನೆ ಎದುರಿಗೇ ಕಂಡಿತು. ನಡುವೆ ಆಳೆತ್ತರದ ಗೋಡೆ, ಆಚೆ ಈಚೆ ಒಂದೊಂದು ನಿಚ್ಚಣಿಕೆ. ಕೊತ್ತಂಬರಿ ಮಾರುವವಳು ಗೋಡೆಯ ಮೇಲಿಂದಲೇ ಸಿವುಡು ದಾಟಿಸುತ್ತಿದ್ದಳು. ಶಂಕ್ರಪ್ಪ ಧೋತರ ಎತ್ತಿ ಕಟ್ಟಿ ಏರಿಯೇ ಬಿಟ್ಟ. ಅನ್ನವ್ವನ ಮೊಣಕಾಲು ಎರಡನೇ ಮೆಟ್ಟಿಲಿಗೇ ಕೈಕೊಟ್ಟಿತು. ಆಟೋ ಹಿಡಿದು, ಹೈವೇ ಸುತ್ತಿ, ಬೆವೆತು ಮನೆ ಸೇರಿದಳು.

"ಹಿಂಗ್ಯಾಕ ಕಟ್ಯಾರವಾ?" ಎಂದು ಶಂಕ್ರಪ್ಪ ಮಗಳನ್ನು ಕೇಳಿದ.

"ನಿನ್ನಂಗ ಎಣಿಸಿದವ್ರು ಯಾರೋ ಕಟ್ಯಾರಪ್ಪಾ. ಮೊನ್ನೆ ಬಾಜು ಮನಿ ಭೀಮಾಬಾಯಿಯವ್ರಿಗೆ ಎದಿ ನೋವು ಬಂತು. ಅಂಬುಲೆನ್ಸ್ ಗ್ವಾಡಿ ಆಚೆ ನಿಂತು ಹಾರ್ನ್ ಹೊಡೀತಿತ್ತು. ಸುತ್ತಿ ಬರೂದ್ರಾಗ ತಡಾ ಆತು, ಜೀವ ಉಳಿದದ್ದ ದೊಡ್ಡದು."

"ಒಡದು ಹಾಕ್ರಿ ಅದನ್ನ."

"ದಾರಿ ಜಾಗಾನ ಪ್ಲಾಟ್ ಅಂತ ಮಾರಿಬಿಟ್ಟಾರ. ಕೊಂಡವ್ರು ಈಗ ಬಿಡ್ತಾರೇನು?"

ಓಣಿ ಓಣಿ ಕೂಡಿಕೊಂಡಿದ್ದರೆ ಮಕ್ಕಳು ಸಾಲಿಗೆ ನಡೆದೇ ಹೋಗುತ್ತಾರೆ, ನೀರಿನ ಟ್ಯಾಂಕರ್, ಕಸದ ಗಾಡಿ ಒಳಗೆ ಬರುತ್ತವೆ, ಎಲ್ಲ ಗಾಡಿಗಳೂ ಒಂದೇ ದೊಡ್ಡ ರಸ್ತೆಗೆ ಬಂದು ಸಿಕ್ಕಿಕೊಳ್ಳುವುದಿಲ್ಲ ಎಂದು ಅಮೃತಾ ಬಿಡಿಸಿ ಹೇಳಿದಳು.

"ಎರಡು ಪ್ಲಾಟ್ ಹೋಗ್ತಾವಲ್ಲ," ಎಂದು ಶಂಕ್ರಪ್ಪ ಗೊಣಗಿದ.

"ಹೋಗ್ಲಿ ಬಿಡ್ರಿ," ಎಂದಳು ಅನ್ನವ್ವ. "ಇಲ್ಲಂದ್ರ ದಾವೂದಸಾಬನ ಎತ್ತಿಗೆ ನಿಚ್ಚಣಿಕಿ ಹತ್ತೂದು ನೀವ ಕಲಿಸ್ರಿ."

ಶಂಕ್ರಪ್ಪನಿಗೆ ನಗು ತಡೆಯಲಿಲ್ಲ. ಊರಿಗೆ ಬಂದವನೇ, ಚಕ್ಕಡಿ ದಾರಿಯನ್ನು ಅಗಲ ಮಾಡಿ ದಾವೂದಸಾಬನ ಬದುವಿಗೆ ಮುಟ್ಟಿಸುವಂತೆ ನಕ್ಷೆ ತಿದ್ದಿಸಿದ. ನಾಳೆ ತಾನೂ ಪ್ಲಾಟ್ ಮಾಡಿದರೆ ಅದೇ ರಸ್ತೆಯನ್ನು ಮುಂದೆ ಒಯ್ಯುತ್ತೇನೆ ಎಂದು ದಾವೂದಸಾಬ ಮಾತು ಕೊಟ್ಟ.

ಅಕ್ಕಂದಿರೇ, ಅಣ್ಣಂದಿರೇ, ಹೊಲ ಪ್ಲಾಟ್ ಮಾಡುವವರು ರಸ್ತೆಯನ್ನು ಬಾಜು ಹೊಲದ ತನಕ ಬಿಡಿ. ಕೊಳ್ಳುವವರು ಮಂಜೂರಾದ ನಕ್ಷೆ ಕೇಳಿ, ರಸ್ತೆಯ ಕೊನೆಯವರೆಗೂ ಕಾಲ್ನಡಿಗೆಯಲ್ಲಿ ಹೋಗಿ ನೋಡಿ. ಅದು ಮುಂದೆ ಎಲ್ಲಿಗೂ ಕೂಡದಿದ್ದರೆ ಮುಂಗಡ ಕೊಡಬೇಡಿ. ಊರು ಬೆಳೆಯುವುದನ್ನು ತಡೆಯಲು ನಮ್ಮಿಂದಾಗದು; ಹೇಗೆ ಬೆಳೆಯಬೇಕೆಂಬುದು ಇವತ್ತು ನಾವು ಬಿಡುವ ದಾರಿಯಲ್ಲಿದೆ.